ಸುಗ್ರೀವನ ಸಂಶಯವನ್ನು ಕೆತ್ತುವುದು ಹೇಗೆ?

ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೊಯ್ಸಳರ ಉಳಿಯ ಗುರುತಿಗೆ ಬರವಿಲ್ಲ. ಸಿಂಧಘಟ್ಟದಲ್ಲಿ ಲಕ್ಷ್ಮೀನಾರಾಯಣ, ಹೊಸಹೊಳಲಿನಲ್ಲೂ ಅವನೇ. 1250ರ ಸುಮಾರಿಗೆ, ವೀರ ಸೋಮೇಶ್ವರನ ಕಾಲದಲ್ಲಿ ಎದ್ದ ಹೊಸಹೊಳಲಿನ ಗುಡಿಯ ಹೊರಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳಿವೆ: ಆನೆ, ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ-ಭಾರತದ ಕಥೆ, ಆಮೇಲೆ ಮಕರ, ಹಂಸ. ನಡುವಿನ ಆ ಕಥಾಪಟ್ಟಿಕೆಯನ್ನು ಓದು ಬಾರದವರ ಪುಸ್ತಕವೆನ್ನುವುದು ರೂಢಿ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನವವಿಧ ಭಕ್ತಿಯಲ್ಲಿ ಶ್ರವಣ ಮೊದಲು, ಕೀರ್ತನ ಆಮೇಲೆ, ಸ್ಮರಣ ಮೂರನೆಯದು. ಈ ಶಿಲ್ಪಗಳ ಜಾಗ ಸ್ಮರಣದಲ್ಲಿ.

ಹಳೇಬೀಡಿನಲ್ಲಿ ರಾಮ ಏಳು ಸಾಲವೃಕ್ಷಗಳನ್ನು ಒಂದೇ ಬಾಣದಿಂದ ಭೇದಿಸುವ ಶಿಲ್ಪವಿದೆ. ಕಥೆ ಗೊತ್ತಿಲ್ಲದವನಿಗೆ ಅಲ್ಲಿ ಕಾಣುವುದು ಬಿಲ್ಲು ಹಿಡಿದ ಒಬ್ಬ ವೀರ, ಎದುರಿಗೆ ಒಂದಷ್ಟು ಮರ. ಇವನು ವಾಲಿಯನ್ನು ಗೆಲ್ಲಬಲ್ಲನೇ ಎಂದು ಸುಗ್ರೀವನ ಮನಸ್ಸನ್ನು ಕೊರೆಯುತ್ತಿದ್ದ ಸಂಶಯವನ್ನು ಯಾವ ಉಳಿಯೂ ಕಲ್ಲಿಗಿಳಿಸಲಾರದು. ಅದನ್ನು ನೋಡುವವನೇ ಹೊತ್ತು ತರಬೇಕು. ಜಪಾನಿನ ಹೊಕುಸಾಯ್ 1830ರ ದಶಕದಲ್ಲಿ, ನೂರು ಕವಿಗಳ ನೂರು ಪದ್ಯಗಳ ಹಳೆಯ ಸಂಕಲನವೊಂದನ್ನು ಮರದ ಅಚ್ಚಿನ ಚಿತ್ರಗಳಿಗೆ ಇಳಿಸತೊಡಗಿದಾಗಲೂ ಆದದ್ದು ಇದೇ. ಅವನ ಚಿತ್ರಗಳಲ್ಲಿ ದುಡಿಯುವ ರೈತರು, ದಾರಿಹೋಕರು ತುಂಬಿದ್ದಾರೆ. ಪದ್ಯ ಬಲ್ಲವನಿಗೆ ಮಾತ್ರ ಆ ಸಾಮಾನ್ಯ ನೋಟದೊಳಗಿನ ಕಾವ್ಯ ಎದ್ದು ಬರುತ್ತದೆ.

ಮಕ್ಕಳು ಶಿಲ್ಪ ನೋಡಿಯೇ ಕಥೆ ಕಲಿಯುವುದಿಲ್ಲವೇ ಎಂದು ಕೇಳಬಹುದು. ಕಲಿಯುತ್ತಾರೆ, ಪಕ್ಕದಲ್ಲಿ ನಿಂತ ಅಜ್ಜಿ ಬೆರಳು ತೋರಿಸಿ ಹೇಳಿದಾಗ. ಅಲ್ಲಿಯೂ ಮಾತೇ ಮುಂದೆ, ಕಲ್ಲು ಹಿಂದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಥೆ ಬಲ್ಲವನಿಗೆ ಕಲ್ಲು ಯಾತಕ್ಕೆ? ಬಲ್ಲದ್ದೆಲ್ಲ ಸ್ಮರಣೆಯಲ್ಲ ಎಂಬುದೇ ಇದಕ್ಕೆ ಉತ್ತರ. ಗಮಕಿಯ ಬಾಯಲ್ಲಿ ಕೇಳಿದ ರಾಮಾಯಣ ಕಿವಿ ದಾಟಿ ಹರಿದುಹೋಗುತ್ತದೆ; ಕಲ್ಲಿನೆದುರು ಕಾಲು ನಿಲ್ಲುತ್ತದೆ, ಗೊತ್ತಿದ್ದ ಕಥೆ ಆ ಗಳಿಗೆಗೆ ತನ್ನದಾಗುತ್ತದೆ. 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ಗುಡಿಯನ್ನು ನೋಡಿ. ಅದರ ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳು ಅಪ್ರದಕ್ಷಿಣವಾಗಿ ಸಾಗುತ್ತವೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವ ಭಕ್ತನಿಗೆ ಕಥೆಯ ಕೊನೆ ಮೊದಲು ಎದುರಾಗುತ್ತದೆ. ಹೊಸದಾಗಿ ಕಲಿಯುವವನು ಅಲ್ಲಿ ದಿಕ್ಕುಗೆಡುತ್ತಾನೆ. ಕೇಳಿ ಬಲ್ಲವನು ಮುಂದಿನ ಫಲಕದಲ್ಲಿ ಹಿಂದಿನದನ್ನು ಗುರುತಿಸುತ್ತ ರಾಮನು ಹುಟ್ಟಿದ ಗಳಿಗೆಯ ಕಡೆಗೆ ನಡೆಯುತ್ತಾನೆ.