ಬಿದ್ದ ಚೆಂಡಷ್ಟೇ ನೆನಪಿರುತ್ತದೆ

ಹೊಸೂರಿನಂಥ ಊರಿನ ಯಾವುದಾದರೂ ಪೂಲ್ ಪಾರ್ಲರಿನಲ್ಲಿ ಸಂಜೆ ಅರ್ಧ ಗಂಟೆ ನಿಂತು ನೋಡಿ. ಸುಲಭದ ಚೆಂಡೊಂದು ಪಾಕೆಟ್ಟಿನ ತುಟಿಗೆ ಬಡಿದು ಹೊರಗೇ ಉಳಿಯುತ್ತದೆ. ಹೊಡೆದವನು ಚೆಂಡನ್ನು ನೋಡುವುದಿಲ್ಲ, ಕ್ಯೂ ಕೋಲಿನ ತುದಿ ನೋಡುತ್ತಾನೆ. ನೀಲಿ ಚಾಕ್ ಎತ್ತಿಕೊಂಡು ಉಜ್ಜುತ್ತಾನೆ. ಕನ್ನಡ, ತಮಿಳು, ತೆಲುಗು ಬೆರೆತ ಆ ಕೋಣೆಯಲ್ಲಿ ಸಬೂಬು ಮಾತ್ರ ಒಂದೇ: ಟೇಬಲ್ ಸ್ಲೋ, ಕುಶನ್ ಸತ್ತಿದೆ, ಕ್ಯೂ ಬಗ್ಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ಮುಂದಿನ ಸರದಿಯಲ್ಲಿ ಗುರಿ ತಪ್ಪಿ, ಬೇರೆ ಯಾವುದೋ ಚೆಂಡು ಎರಡು ಕುಶನ್ ತಾಗಿ ಮೂಲೆಗೆ ಬಿದ್ದರೆ, ಅದೇ ಮನುಷ್ಯ ‘ಹೆಂಗಿತ್ತು?’ ಎಂದು ಕೇಳುತ್ತಾನೆ.

ಇದನ್ನು ಬರೀ ಜಂಬ ಎನ್ನಲು ನನಗೆ ಮನಸ್ಸಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಹಾಗೆಂದೇ ನಂಬಿದ್ದಾನೆ. ಬಿದ್ದ ಚೆಂಡನ್ನು ಮನಸ್ಸು ಜೋಪಾನ ಮಾಡುತ್ತದೆ, ತಪ್ಪಿದ್ದನ್ನು ಆ ಹೊತ್ತಿಗೇ ಬಿಟ್ಟುಬಿಡುತ್ತದೆ. 1999ರಲ್ಲಿ ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಎಂಬ ಮನೋವಿಜ್ಞಾನಿಗಳು ತರ್ಕ, ವ್ಯಾಕರಣದ ಪರೀಕ್ಷೆ ನಡೆಸಿದಾಗ, ತೀರಾ ಕೆಳಗಿದ್ದವರೇ ತಾವು ಸರಾಸರಿಗಿಂತ ಮೇಲಿದ್ದೇವೆ ಎಂದುಕೊಂಡಿದ್ದರು. ಚೆನ್ನಾಗಿ ಆಡಲು ಬೇಕಾದ ತಿಳಿವಳಿಕೆಯೇ ತನ್ನ ಆಟವನ್ನು ಅಳೆಯಲೂ ಬೇಕು. ಅದಿಲ್ಲದವನಿಗೆ ಕೊರತೆ ಕಾಣುವುದಾದರೂ ಹೇಗೆ?

ಪೂಲ್ ಮೇಜೂ ಈ ಭ್ರಮೆಗೆ ನೀರೆರೆಯುತ್ತದೆ. ಅದರ ಪಾಕೆಟ್ಟಿನ ಬಾಯಿ ಚೆಂಡಿಗಿಂತ ಸುಮಾರು ಎರಡರಷ್ಟು ಅಗಲ. ಬೆಂಗಳೂರಿಗೆ ಹೋಗಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ 12 ಅಡಿ ಉದ್ದದ ಸ್ನೂಕರ್ ಮೇಜಿನ ಮುಂದೆ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಬಾಯಿ ಕಿರಿದು, ಅಂಚು ದುಂಡು. ಕೂದಲೆಳೆ ತಪ್ಪಿದರೂ ಚೆಂಡು ಹೊರಗೆ. ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದದ್ದು ಅಂಥ ಮೇಜಿನಲ್ಲಿ ಪಳಗಿದ ಮೇಲೆ. ಪಕ್ಕದಲ್ಲಿ ಅರವಿಂದ್ ಸವೂರ್ ಅವರಂಥ ಗುರುವಿನ ಕಣ್ಣಿತ್ತು.

ನಂಬಿಕೆಯಿಲ್ಲದೆ ಕೈ ನಡುಗುವುದಿಲ್ಲವೇ ಎಂದು ಕೇಳಬಹುದು. ನಿಜ. ಬಾಗಿ ನಿಂತ ಆ ನಾಲ್ಕು ಸೆಕೆಂಡು ‘ಇದು ಬಿದ್ದೇ ಬೀಳುತ್ತದೆ’ ಅನ್ನಿಸಬೇಕು. ಆದರೆ ಅದು ಆ ಒಂದು ಹೊಡೆತದ ಮಾತು. ನೆಟ್ಟಗೆ ನಿಂತ ಮೇಲೂ ಅದೇ ನಂಬಿಕೆ ಹಿಡಿದುಕೊಂಡವನು ಕಲಿಯುವುದನ್ನು ನಿಲ್ಲಿಸಿದ್ದಾನೆ. ಸ್ನೂಕರಿನ ಒಂದು ಸಂಪ್ರದಾಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ: ಅಂಗಿಯ ತೋಳು ಚೆಂಡಿಗೆ ಸೋಕಿದರೆ, ರೆಫರಿ ಕಾಣದಿದ್ದರೂ ಆಟಗಾರ ತಾನೇ ಫೌಲ್ ಒಪ್ಪಿಕೊಳ್ಳಬೇಕು. ಎದುರಾಳಿಯ ಮುಂದೆ ಹೀಗೆ ಒಪ್ಪಿಕೊಳ್ಳುವುದನ್ನು ರೂಢಿಸಿಕೊಂಡವನು ತನಗೆ ತಾನು ಸುಳ್ಳು ಹೇಳುವುದು ಕಷ್ಟ.

ಹಾಗೆ ತನಗೆ ತಾನು ಸುಳ್ಳು ಹೇಳಿಕೊಳ್ಳದವರೊಬ್ಬರು ಈ ಸೀಮೆಯವರೇ: ಹೊಸೂರಿನ ಪಕ್ಕದ ತೊರಪಲ್ಲಿ ಅಗ್ರಹಾರದಲ್ಲಿ 1878ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಾಜಾಜಿ ಹುಟ್ಟಿದರು. ಅಸಹಕಾರ ಚಳವಳಿಯಲ್ಲಿ ಸೆರೆಯಾಗಿ ವೆಲ್ಲೂರು ಜೈಲಿನಲ್ಲಿದ್ದಾಗ, 1922ರ ಆರಂಭದಲ್ಲಿ, ಅವರು ದಿನಚರಿಯಲ್ಲಿ ಕಹಿ ಲೆಕ್ಕವೊಂದನ್ನು ಬರೆದಿಟ್ಟರು: ಸ್ವರಾಜ್ಯ ಬಂದೊಡನೆ ಒಳ್ಳೆಯ ಆಡಳಿತ ಬಂದುಬಿಡುವುದಿಲ್ಲ, ಚುನಾವಣೆಯ ಭ್ರಷ್ಟಾಚಾರ, ಹಣದ ದಬ್ಬಾಳಿಕೆ, ಅದಕ್ಷತೆ ನಮ್ಮನ್ನು ಕಾಡುತ್ತವೆ ಎಂದು. ಹಾಗೆ ಬರೆದವರು ಹೋರಾಟ ಬಿಡಲಿಲ್ಲ. ತಮ್ಮ ಕಡೆಯ ಸೋಲನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಮುಂದೆ ನಡೆದರು. ಅವರು ಅದನ್ನು ನೆನಪಿಗೆ ಬಿಡದೆ ಕಾಗದದ ಮೇಲಿಟ್ಟದ್ದು ನನಗೆ ಮುಖ್ಯ.

ಅದೇ ಊರ ಸುತ್ತಿನಿಂದ ಪೂಲ್ ಆಡಲು ಹೋಗುವ ತಮ್ಮಂದಿರಿಗೆ ನನ್ನದೊಂದು ಕೋರಿಕೆ. ಈ ಸಂಜೆ ಜೇಬಿನಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ತಪ್ಪಿದ ಹೊಡೆತಕ್ಕೆಲ್ಲ ಒಂದೊಂದು ಗೆರೆ ಎಳೆಯಿರಿ, ಅದೃಷ್ಟದಿಂದ ಬಿದ್ದ ಚೆಂಡಿಗೂ ಒಂದು ಗೆರೆ. ಮನೆಗೆ ಹೊರಡುವ ಮುಂಚೆ ಎಣಿಸಿ.