ಬಿಗಿ ಬೆಲ್ಟಿನ ಮುಂದೆ

ಕಾರಿನ ಎಂಜಿನ್ನಿಗೆ ಹೊಸ ಬೆಲ್ಟ್ ತಂದು ಪುಲ್ಲಿಗಳ ಮೇಲೆ ಹಿಡಿದು ನೋಡಿದರೆ ಗಿಡ್ಡವಾಗಿ ಕಾಣುತ್ತದೆ. ಅಂಗಡಿಯವರು ಅಳತೆ ತಪ್ಪಿ ಕೊಟ್ಟಿದ್ದಾರೆಂದು ವಾಪಸ್ ಒಯ್ಯುವವರಿದ್ದಾರೆ. ಒಂದು ಅಳತೆ ದೊಡ್ಡದನ್ನು ತಂದು ಸಲೀಸಾಗಿ ಹಾಕಿ, ಅದು ಜಾರಿ ಕಿರುಗುಟ್ಟಿದಾಗ ಬೆಲ್ಟನ್ನೇ ಬೈಯುವವರೂ ಇದ್ದಾರೆ. ಸ್ಟ್ರೆಚ್ ಬೆಲ್ಟ್ ಗಿಡ್ಡವಾಗಿಯೇ ಇರಬೇಕು. ಅದು ಕೆಲಸ ಮಾಡುವುದೇ ಆ ಗಿಡ್ಡತನದಿಂದ.

ಮಾಮೂಲಿ ಬೆಲ್ಟಿಗೆ ಬಿಗಿ ಕೊಡಲು ಬೇರೆ ವ್ಯವಸ್ಥೆ ಇರುತ್ತದೆ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಬೆಲ್ಟ್ ತೂರಿಸಿ, ಹಿಂದಕ್ಕೆಳೆದು ಬಿಗಿ ಮಾಡುತ್ತಿದ್ದರು. ಆಮೇಲೆ ಸ್ಪ್ರಿಂಗ್ ಇರುವ ಟೆನ್ಷನರ್ ಬಂತು. ಸ್ಪ್ಯಾನರ್ ಹಾಕಿ ಅದನ್ನು ಬದಿಗೆ ತಿರುಗಿಸಿದರೆ ಸಾಕು, ಜಾಗ ಸಿಗುತ್ತದೆ. ಸ್ಟ್ರೆಚ್ ಬೆಲ್ಟ್ ಇರುವ ಕಡೆ ಇವೆರಡೂ ಇಲ್ಲ. ಪುಲ್ಲಿಗಳು ಕೂತಲ್ಲೇ ಕೂತಿವೆ, ಒಂದಿನಿತೂ ಸರಿಯುವುದಿಲ್ಲ. ಸಾಮಾನ್ಯ ಬೆಲ್ಟಿನ ಒಳಗೆ ಹಿಗ್ಗದ ಪಾಲಿಯೆಸ್ಟರ್ ಎಳೆಗಳಿದ್ದರೆ, ಇದರಲ್ಲಿ ನೈಲಾನ್ ಜಾತಿಯ, ಹಿಗ್ಗಿ ಮತ್ತೆ ಕುಗ್ಗಬಲ್ಲ ಎಳೆಗಳಿರುತ್ತವೆ. ಟೆನ್ಷನರಿನ ಕೆಲಸವನ್ನು ಬೆಲ್ಟೇ ಮಾಡುತ್ತದೆ. ಕಾರು ಮಾಡುವವರಿಗೆ ಒಂದು ಬಿಡಿಭಾಗ, ಅಷ್ಟು ತೂಕ, ಅಷ್ಟು ಖರ್ಚು ಉಳಿಯಿತು. ಯುರೋಪಿನ ಫೋರ್ಡ್ ಫಿಯೆಸ್ಟಾ, ಫೋಕಸ್‌ಗಳ ಕೆಲವು ಎಂಜಿನ್‌ಗಳಲ್ಲಿ, ಅಮೆರಿಕದ ಷೆವ್ರೊಲೆ ಸಿಲ್ವರಾಡೊ ಪಿಕಪ್‌ನ ಎಸಿ ಕಂಪ್ರೆಸರಿನಲ್ಲಿ ಇಂಥ ಬೆಲ್ಟುಗಳಿವೆ. ಗ್ಯಾರೇಜಿನ ಕೂಲಿ ದುಬಾರಿಯಾದ ಆ ದೇಶಗಳಲ್ಲಿ ಮನೆಯಂಗಳದಲ್ಲೇ ಬೆಲ್ಟ್ ಬದಲಿಸುವುದು ವಾಡಿಕೆ. ಈಗ ನಮ್ಮಲ್ಲೂ ಟೂಲ್‌ಬಾಕ್ಸ್ ಇಟ್ಟುಕೊಂಡು ಭಾನುವಾರ ಕಾರಿನಡಿ ಮಲಗುವವರು ಕಾಣಸಿಗುತ್ತಾರೆ. ಅವರನ್ನು ಕಂಡರೆ ನನಗೆ ಗೌರವ. ಅದಕ್ಕೇ ಈ ಮಾತು.

ಬೆಲ್ಟ್ ಬಿಗಿ ಎಂದ ಕೂಡಲೇ ನಮ್ಮ ಕೈ ಹುಡುಕುವುದು ಉದ್ದನೆಯ ಸ್ಕ್ರೂಡ್ರೈವರನ್ನು. ಟೈರ್ ಎಬ್ಬಿಸಿದ ಹಾಗೆ ಬೆಲ್ಟನ್ನು ಮೀಟಿ ಪುಲ್ಲಿಯ ಅಂಚು ದಾಟಿಸಿಬಿಟ್ಟರೆ ಆಯಿತು ಎಂಬ ಲೆಕ್ಕ. ದಾಟುತ್ತದೆ ಕೂಡ, ನಿಜ. ಆದರೆ ಸ್ಕ್ರೂಡ್ರೈವರಿನ ತುದಿ ಒತ್ತಿದ ಜಾಗದಲ್ಲಿ ರಬ್ಬರಿನೊಳಗಿನ ಒಂದೆರಡು ಎಳೆ ಮುರಿದಿರುತ್ತದೆ; ಪುಲ್ಲಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿರುತ್ತದೆ. ಹೊರಗೆ ಬೆಲ್ಟ್ ಹೊಸದಾಗಿ ಹೊಳೆಯುತ್ತಲೇ ಇರುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಸದ್ದಿಲ್ಲ, ಎಸಿ ತಣ್ಣಗೆ ಬೀಸುತ್ತದೆ. ಆ ಕಚ್ಚು ಮಾತ್ರ ಒಂದೊಂದು ಸುತ್ತಿಗೂ ಬೆಲ್ಟಿನ ಅಂಚನ್ನು ಕೆರೆಯುತ್ತಿರುತ್ತದೆ. ಬೆಲ್ಟ್ ಹರಿಯುವುದು ಮನೆಯಂಗಳದಲ್ಲಲ್ಲ. ಅದು ಎಸಿಯದೊಂದೇ ಆಗಿದ್ದರೆ ಬೆವರಿನಲ್ಲಿ ಮುಗಿಯುತ್ತದೆ. ಆಲ್ಟರ್ನೇಟರಿನದಾದರೆ ಬ್ಯಾಟರಿ ಬರಿದಾಗುತ್ತ ಹೋಗುತ್ತದೆ. ವಾಟರ್ ಪಂಪ್ ಕೂಡ ಅದರಲ್ಲೇ ಇದ್ದರೆ ಎಂಜಿನ್ ಕಾದು ಕೂರುತ್ತದೆ. ಹೈಡ್ರಾಲಿಕ್ ಸ್ಟಿಯರಿಂಗ್ ಇದ್ದರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಏಕಾಏಕಿ ಕಲ್ಲಿನಂತಾಗುತ್ತದೆ. ಆ ಹೊತ್ತಿಗೆ ಕಾರು ಓಡಿಸುತ್ತಿರುವವರು ಮನೆಯ ಬೇರೆ ಯಾರೋ ಆಗಿರಬಹುದು.

ಕಳಚಿದ ಸೈಕಲ್ ಚೈನನ್ನು ಹಾಕುವುದು ನಮಗೆಲ್ಲ ಗೊತ್ತು. ಎಳೆದಾಡುವುದಿಲ್ಲ, ನಾಲ್ಕು ಹಲ್ಲಿಗೆ ಕೂರಿಸಿ ಪೆಡಲ್ ತಿರುಗಿಸುತ್ತೇವೆ, ಉಳಿದದ್ದನ್ನು ಚಕ್ರವೇ ಎಳೆದುಕೊಳ್ಳುತ್ತದೆ. ಸ್ಟ್ರೆಚ್ ಬೆಲ್ಟಿನ ಉಪಾಯವೂ ಇದೇ.

ಮೊದಲು ಕೀಲಿ ಜೇಬಿನಲ್ಲಿರಲಿ, ಬ್ಯಾಟರಿಯ ನೆಗೆಟಿವ್ ಕಳಚಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರ ಬಿಚ್ಚಿ ಒಳಗೆ ಕೈಹಾಕುವುದಾದರೆ ಜಾಕ್ ಒಂದನ್ನೇ ನಂಬಬಾರದು, ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು. ಬೆಲ್ಟ್ ಹೋಗುವ ದಾರಿಯನ್ನು ಫೋನಿನಲ್ಲಿ ಫೋಟೊ ಹಿಡಿದುಕೊಂಡು, ಹಳೆಯದನ್ನು ಕತ್ತರಿಸಿ ತೆಗೆಯಿರಿ. ಅದನ್ನು ಮತ್ತೆ ಹಾಕುವ ಮಾತಿಲ್ಲ. ಒಮ್ಮೆ ಬಿಚ್ಚಿದ ಸ್ಟ್ರೆಚ್ ಬೆಲ್ಟಿನ ಆಯಸ್ಸು ಅಲ್ಲಿಗೆ ಮುಗಿಯಿತು. ಬೆಲ್ಟ್ ಇಲ್ಲದ ಈ ಹೊತ್ತಿನಲ್ಲಿ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿ. ಮರಳು ಸಿಕ್ಕಿದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ. ಆ ಬೇರಿಂಗನ್ನು ಆಮೇಲೆ ನೋಡೋಣವೆಂದರೆ ಇನ್ನೊಂದು ಹೊಸ ಬೆಲ್ಟಿನ ದುಡ್ಡು ತೆರಬೇಕಾಗುತ್ತದೆ.

ಬೆಲ್ಟಿನ ಬೆನ್ನ ಮೇಲೆ 6ಪಿಕೆ1000 ಎಂಬಂಥ ಅಂಕಿ ಇರುತ್ತದೆ. ಆರು ಏಣು, ಸಾವಿರ ಮಿಲಿಮೀಟರ್ ಉದ್ದ ಎಂದು ಅರ್ಥ. ಅಂಕಿ ಹೊಂದಿದರೆ ಸಾಲದು, ಸ್ಟ್ರೆಚ್ ಜಾತಿಯದೇ ಆಗಿರಬೇಕು. ಹಿಗ್ಗದ ಮಾಮೂಲಿ ಬೆಲ್ಟನ್ನು ಇಲ್ಲಿ ಬಲವಂತದಿಂದ ಏರಿಸಿದರೆ ಅದರ ಎಳೆಯೋ ಕಂಪ್ರೆಸರಿನ ಬೇರಿಂಗೋ ಬಲಿಯಾಗುತ್ತದೆ.

ಎಸಿ ಬೆಲ್ಟಾದರೆ ಹೊಸದನ್ನು ಮೊದಲು ಕಂಪ್ರೆಸರಿನ ಪುಲ್ಲಿಗೆ ಪೂರ್ತಿ ಕೂರಿಸಬೇಕು. ಕೊನೆಗೆ ಉಳಿಯುವುದು ಕೆಳಗಿನ ದೊಡ್ಡ ಕ್ರ್ಯಾಂಕ್ ಪುಲ್ಲಿ. ಅದರ ಅಂಚಿಗೆ ಬೆಲ್ಟ್ ಹಾಕುವ ಟೂಲ್ ಸಿಕ್ಕಿಸಿ, ಬೆಲ್ಟನ್ನು ಅದರ ಮೇಲಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನಕ್ಕೆ ತಿರುಗಿಸಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಬೆಲ್ಟ್ ತಾನಾಗಿ ಅಂಚು ಹತ್ತಿ ಒಳಗಿಳಿಯುತ್ತದೆ. ಕೆಲವು ಬೆಲ್ಟುಗಳ ಪೆಟ್ಟಿಗೆಯಲ್ಲೇ ಒಂದು ಪ್ಲಾಸ್ಟಿಕ್ ಟೂಲ್ ಬರುತ್ತದೆ. ಪುಲ್ಲಿಯಲ್ಲಿ ತೂತುಗಳಿದ್ದರೆ ಬೆಲ್ಟನ್ನು ಅಂಚಿಗೆ ಕೇಬಲ್ ಟೈನಿಂದ ಕಟ್ಟಿ ತಿರುಗಿಸುವವರೂ ಇದ್ದಾರೆ. ಬೆಲ್ಟ್ ನೆಟ್ಟಗೆ ಹತ್ತುವುದಾದರೆ ಅದೂ ಆಗಬಹುದು. ಆಗಬಾರದ್ದು ಒಂದಿದೆ: ಸಾಕೆಟ್ ತಿರುಗಿಸಲು ಬೇಸರವೆಂದು ಕೀಲಿ ತಿರುಗಿಸಿ ಸ್ಟಾರ್ಟರಿನಿಂದ ಹತ್ತಿಸುವುದು. ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಸಿಕ್ಕರೆ ಬೆರಳು ಉಳಿಯುವುದಿಲ್ಲ.

ಹತ್ತಿದ ಮೇಲೆ ಟಾರ್ಚ್ ಹಿಡಿದು ಎಣಿಸಿ. ಆರು ಏಣುಗಳಲ್ಲಿ ಐದು ಗ್ರೂವಿನಲ್ಲಿದ್ದು ಒಂದು ಹೊರಗೆ ತೂಗುತ್ತಿರುವುದು ಸಾಮಾನ್ಯವಾಗಿ ಆಗುವ ತಪ್ಪು. ಕೈಯಿಂದಲೇ ಇನ್ನೆರಡು ಸುತ್ತು ತಿರುಗಿಸಿ ಮತ್ತೆ ನೋಡಿ. ಆಮೇಲಷ್ಟೇ ಬ್ಯಾಟರಿ, ಕೀಲಿ.

ಟೂಲ್ ಕೈಯಲ್ಲಿಲ್ಲದ ಭಾನುವಾರ ಈ ಕೆಲಸಕ್ಕೆ ಕೈ ಹಾಕಬೇಡಿ. ಗ್ಯಾರೇಜಿಗೆ ಕೊಡುವುದಾದರೂ ಬೆಲ್ಟಿನ ಬೆಲೆ ವಿಚಾರಿಸುವ ಮೊದಲು ಆ ಟೂಲ್ ಇದೆಯೇ ಎಂದು ಕೇಳಿ. ಸ್ಕ್ರೂಡ್ರೈವರ್ ಸಾಕು ಎಂದರೆ ಬೇರೆ ಗ್ಯಾರೇಜು ನೋಡಿ.