ಮಕ್ಕಳ ತರ್ಬಿಯತ್: ದೂರದಲ್ಲಿರುವ ತಂದೆಯ ದನಿ



ಡ್ಯೂಟಿ ಮುಗಿಸಿ ರೂಮಿಗೆ ಬಂದು ಊರಿಗೆ ಫೋನ್ ಮಾಡುತ್ತೀರಿ. ಮಗ ಫೋನ್ ಹಿಡಿದ ಕೂಡಲೇ ಕೇಳುವುದೇನು? ನಮಾಝ್ ಮಾಡಿದೆಯಾ? ಮದ್ರಸಕ್ಕೆ ಹೋದೆಯಾ? ಮಾರ್ಕ್ ಯಾಕೆ ಕಡಿಮೆ? ಉಮ್ಮನಿಗೆ ಎದುರು ಮಾತಾಡಿದೆಯಂತೆ? ಅವನು ‘ಹೂಂ’, ‘ಇಲ್ಲ’ ಎಂದು ಹೇಳಿ ಫೋನನ್ನು ತಾಯಿಯ ಕೈಗೆ ಕೊಟ್ಟು ಜಾರಿಕೊಳ್ಳುತ್ತಾನೆ.

ನಿಮ್ಮ ಉದ್ದೇಶ ಒಳ್ಳೆಯದೇ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋಗುವವನಿಗೆ ಮಗ ದಾರಿ ತಪ್ಪಿಯಾನೆಂಬ ಭಯ ಸಹಜ. ಆದರೆ ಆ ಮಗುವಿನ ಪಾಲಿಗೆ ತಂದೆ ಎಂದರೆ ಹತ್ತು ನಿಮಿಷದ ಈ ದನಿ. ಅದರಲ್ಲಿ ಬರೀ ವಿಚಾರಣೆಯೇ ತುಂಬಿದ್ದರೆ ಅವನು ತಂದೆಯ ಪ್ರೀತಿಯನ್ನು ಎಲ್ಲಿ ಹುಡುಕಬೇಕು?

ಲುಕ್ಮಾನರು ಮಗನಿಗೆ ಮಾಡಿದ ಉಪದೇಶ ಪವಿತ್ರ ಕುರ್‌ಆನಿನ 31ನೇ ಅಧ್ಯಾಯದಲ್ಲಿದೆ. ಅವರ ಕ್ರಮವನ್ನು ಗಮನಿಸಿರಿ. ಮೊದಲು ಮುದ್ದಿನಿಂದ ಮಗನೇ ಎಂದು ಕರೆದರು. ಶಿರ್ಕ್ ಬೇಡವೆಂದಾಗ ಅದು ಘೋರ ಅಕ್ರಮವೆಂದು ಕಾರಣವನ್ನೂ ತಿಳಿಸಿದರು. ಸಾಸಿವೆ ಕಾಳಿನಷ್ಟು ಸಣ್ಣದು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದರು. ನಮಾಝಿನ ಆದೇಶ ಬಂದದ್ದು ಅದರ ನಂತರ. ತಂದೆಯ ಕಣ್ಣಿಗೆ ಹೆದರಿ ನಮಾಝ್ ಮಾಡುವವನು ತಂದೆ ವಿಮಾನ ಹತ್ತಿದ ಮೇಲೆ ಬಿಟ್ಟಾನು. ಅಲ್ಲಾಹನು ನೋಡುತ್ತಿದ್ದಾನೆಂದು ಅರಿತವನು ಬಿಡಲಾರ. ನಮ್ಮಂತೆ ದೂರದಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಕಾವಲು ಬೇರೆ ಇಲ್ಲ.

ಪ್ರವಾದಿ ಇಬ್ರಾಹೀಮ್(ಅ)ರು ಅಲ್ಲಾಹನ ಆಜ್ಞೆಯ ವಿಷಯದಲ್ಲೂ ಮಗನನ್ನು ಕರೆದು ಅವನ ಅಭಿಪ್ರಾಯ ಕೇಳಿದ್ದರು. ನಾವು ಮಗನ ಕಾಲೇಜು, ಕೋರ್ಸು ನಿರ್ಧರಿಸುವಾಗಲೂ ಕೇಳುವುದಿಲ್ಲ.

ಅನಸ್(ರ) ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಬಾಲಕ. ಅಷ್ಟು ಕಾಲದಲ್ಲಿ ಪ್ರವಾದಿ(ಸ)ರು ತನ್ನ ಮೇಲೆ ಒಮ್ಮೆಯೂ ಬೇಸರದಿಂದ ‘ಛೆ’ ಎನ್ನಲಿಲ್ಲವೆಂದು ಅವರು ಹೇಳಿದ್ದಾರೆ. ಆಶೂರಾ ಉಪವಾಸದ ದಿನ ಸಹಾಬಿ ಮಹಿಳೆಯರು ಹಸಿವಿನಿಂದ ಅಳುವ ಮಕ್ಕಳಿಗೆ ಉಣ್ಣೆಯ ಆಟಿಕೆ ಕೊಟ್ಟು ಇಫ್ತಾರ್ ತನಕ ರಮಿಸುತ್ತಿದ್ದರು. ಇಬಾದತ್ತಿನ ಅಭ್ಯಾಸ ಮಾಡಿಸಿದ್ದು ಗದರಿಕೆಯಿಂದಲ್ಲ, ಮಮತೆಯಿಂದ.

ಸಹೋದರರೇ, ಈ ರಮಝಾನ್‌ನಲ್ಲಿ ಹೀಗೆ ಮಾಡಿ ನೋಡಿ. ಊರಿನಲ್ಲಿ ಮಗ್ರಿಬ್ ಬಾಂಗ್ ನಮಗಿಂತ ಮೊದಲೇ ಆಗುತ್ತದೆ. ಮಕ್ಕಳು ಇಫ್ತಾರ್ ಮುಗಿಸಿದ ಹೊತ್ತಿಗೆ ಬಿಡುವಿದ್ದರೆ ಫೋನ್ ಮಾಡಿ. ಏನು ತಿಂದಿರಿ, ಯಾರು ಬಂದಿದ್ದರು ಎಂದು ಕೇಳಿ. ಇಲ್ಲಿನ ಬಿಸಿಲು, ನಿಮ್ಮ ಕೆಲಸ, ಮಸೀದಿಯ ಇಫ್ತಾರಿನಲ್ಲಿ ಪಕ್ಕದಲ್ಲಿ ಕೂತವರ ಸುದ್ದಿ ಹೇಳಿ. ಪುಟ್ಟ ಮಗಳು ಅರ್ಧ ದಿನ ಉಪವಾಸ ಹಿಡಿದಿದ್ದರೆ ಮಾಶಾ ಅಲ್ಲಾಹ್ ಎನ್ನಿ. ತಪ್ಪು ಗೊತ್ತಾದರೆ ಸ್ಪೀಕರ್ ಹಾಕಿ ಎಲ್ಲರ ಮುಂದೆ ಬೈಯಬೇಡಿ, ಒಬ್ಬನೇ ಇರುವಾಗ ಕಾರಣ ಕೇಳಿ. ದಿನವಿಡೀ ಅವರನ್ನು ಸಾಕುವ ಮಡದಿಯನ್ನು ಮಕ್ಕಳ ಎದುರು ದೂರಬೇಡಿ. ‘ಉಪ್ಪನಿಗೆ ಹೇಳ್ತೇನೆ’ ಎಂಬುದು ಮನೆಯಲ್ಲಿ ಬೆದರಿಕೆಯ ಮಾತಾಗದಿರಲಿ. ಸಂತೋಷವಾದಾಗ ಮಗು ತಾನಾಗಿ ಹೇಳುವ ಮಾತಾಗಲಿ.

ಕೊನೆಗೆ, ಫೋನ್ ಇಡುವ ಮುನ್ನ ಮಗುವಿನ ಹೆಸರು ಹಿಡಿದು ಅದಕ್ಕೆ ಕೇಳುವಂತೆ ದುಆ ಮಾಡಿ. ನಾವು ಕಳಿಸುವ ಹಣ ತಿಂಗಳಲ್ಲೇ ಖರ್ಚಾಗುತ್ತದೆ. ಈ ದುಆ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ.

ಅಲ್ಲಾಹನು ನಮ್ಮ ಮಡದಿ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ಆಮೀನ್.